ತಪ್ಪು ಆಕಾಶದ್ದು

ಮಳೆಯ ಮುಖ ಕಾಣದ ಕಣಿವೆ, ಹಿಕಮಾರ್ಕಾ.
ಲೀಮಾದ ಮಂಜೂ ಇಲ್ಲಿಗೆ ಬರುವಷ್ಟರಲ್ಲಿ
ಸುಸ್ತಾಗಿ ಹಿಂದಿರುಗುತ್ತದೆ.
ಬೋಳು ಗುಡ್ಡಗಳ ನಡುವೆ
ಹದಿನೆಂಟು ಸಾವಿರ ಲೋಹದ ಕಡ್ಡಿಗಳು,
ಎಂದೂ ತೆನೆ ಕಟ್ಟದ ಪೈರಿನ ಹಾಗೆ.
ನಿಕಾನೋರ್ ಯಾಉರಿ ದೂಳು ಒರೆಸುತ್ತಾನೆ,
ತುಕ್ಕು ಕೆರೆಯುತ್ತಾನೆ,
ಹಲ್ಲಿ ಕೂತಿದ್ದರೆ ಹೇಳಿ ಎಬ್ಬಿಸುತ್ತಾನೆ.

ಇಪ್ಪತ್ತಾರು ವರ್ಷ
ಮೇಲೆ ನೋಡುವ ಯಂತ್ರಕ್ಕಾಗಿ ತಲೆ ಬಗ್ಗಿಸಿ ದುಡಿದವನಿಗೆ
ಊಟದ ಹೊತ್ತಿನಲ್ಲಿ ಎಂಜಿನಿಯರುಗಳು ಹೇಳಿಕೊಟ್ಟದ್ದು ಇಷ್ಟು:
ಮುನ್ನೂರು ಕಿಲೋಮೀಟರ್ ಮೇಲೆ
ಬಿಸಿಲು ಬಿಡಿಸಿಟ್ಟ ಕಣಗಳದೊಂದು ಕೆರೆ.
ಹಗಲಿನ ವಿದ್ಯುತ್ತು ಅದನ್ನು ಮೂಡಣಕ್ಕೆ ತಳ್ಳುತ್ತದೆ,
ಭೂಮಿಯ ಕಾಂತ ಬಡಗಣಕ್ಕೆ ಬಿಗಿಹಿಡಿಯುತ್ತದೆ,
ಅದು ಆ ಕಡೆಗೂ ಹೋಗದೆ, ಈ ಕಡೆಗೂ ಹೋಗದೆ
ಮೆಲ್ಲಗೆ ಮೇಲೇಳುತ್ತದೆ.
ಧನ, ಋಣ ಎರಡೂ ಜೊತೆಗೇ.
“ಜಗಳವಾಡದೆ?” ಎಂದು ಕೇಳಿದ್ದ.
“ಆ ಎತ್ತರದಲ್ಲಿ ಪುರುಸೊತ್ತೆಲ್ಲಿ,” ಎಂದಿದ್ದಳು ಹೊಸ ಹುಡುಗಿ,
ಸಾರಿನಲ್ಲಿ ಜೋಳದ ಕಾಳು ಹುಡುಕುತ್ತ.

ಸೂರ್ಯ ಮುಳುಗುವಾಗ ಒಂದು ಕೊನೆಯ ಜಿಗಿತ,
ಆರುವ ಮುನ್ನ ದೀಪ ಹೇಗೋ ಹಾಗೆ.
ಆಮೇಲೆ ಹಗ್ಗ ಸಡಿಲಬಿಟ್ಟ ಕೊಡದಂತೆ ಇಳಿತ.
ಕೆಲವು ರಾತ್ರಿ ಆ ಜಿಗಿತಕ್ಕೆ ತಳ ಒಡೆದು
ಪೊಳ್ಳು ಗುಳ್ಳೆಗಳು ಕುದಿವ ಗಂಜಿಯಲ್ಲಿ ಎದ್ದಂತೆ ಏಳುತ್ತವೆ;
ಪರದೆಯ ಮೇಲೆ ಕೆಂಪು ಹೊಗೆಕಂಬ.
ಅಂಥ ರಾತ್ರಿ ರೇಡಿಯೋದ ದನಿಗೆ ನಡುಕ.

ಚಿಂಬೋಟೆಯಲ್ಲಿ ತಂಗಿ ನೆಲಿದಾ
ಮೀನುಗಾರರ ಸಂಘದ ಕೋಣೆಯಲ್ಲಿ, ಏಳೂವರೆಗೆ,
ಮೈಕು ಹಿಡಿದು ಗಂಡನನ್ನು ಕೂಗುತ್ತಾಳೆ.
ನಡುಗಡಲಿಂದ ತೊದಲುತ್ತ ಬರುತ್ತದೆ ಮಾತು.
“ಕುಡಿದಿದ್ದಾನೆ ಅಣ್ಣಾ, ಮತ್ತೆ.”
“ಇಲ್ಲ ಕಣೇ. ಕಣ್ಣಾರೆ ನೋಡುತ್ತಿದ್ದೇನೆ ಇಲ್ಲಿ.
ತಪ್ಪು ಆಕಾಶದ್ದು.”
ಅವಳು ನಗುತ್ತಾಳೆ.
ಹೀಗೇ ಕಳೆದವು ಎಷ್ಟೋ ಮಾರ್ಚಿಗಳು.

ಇದು ಜೂನ್.
ಗೆರೆ ಜಿಗಿಯಲಿಲ್ಲ, ತಳ ಒಡೆಯಲಿಲ್ಲ,
ಪರದೆ ಒರೆಸಿಟ್ಟ ಹಲಗೆ.
ಎಂಟಕ್ಕೆ ಫೋನು:
“ಇವತ್ತೂ ತೊದಲಿತು.
ಮಗಳ ಹೆಸರೂ ನೆಟ್ಟಗೆ ಬರಲಿಲ್ಲ ಬಾಯಿಗೆ.
ಆಕಾಶವೇ ತಾನೆ?”

ಹೊರಗೆ ಕಡ್ಡಿಗಳ ಮೇಲೆ ದೂಳು ಕೂರುತ್ತಿದೆ.
ನಿಕಾನೋರ್ ಪರದೆ ನೋಡುತ್ತಾನೆ,
ಕನ್ನಡಕ ಒರೆಸಿ
ಇನ್ನೊಮ್ಮೆ ನೋಡುತ್ತಾನೆ.
“ಹೂಂ,” ಎನ್ನುತ್ತಾನೆ, “ಭಾರೀ ಗುಳ್ಳೆ.”