ಅರ್ಕಾವತ್ತು ಆಫ್‌ಸೈಡ್

ಝುವಾರಿನಗರದ ಗುಡ್ಡದ ಮೇಲೆ ತಗಡಿನ ಮಾಡಿನ ಕನ್ನಡ ಶಾಲೆ.
ಐದನೆಯ ಇಯತ್ತೆ, ಮೂವತ್ತೊಂದು ಮಕ್ಕಳು;
ಹಾಜರಿ ಕೂಗಿದರೆ ಇಪ್ಪತ್ತು ಆಕಳಿಕೆ.
"ರಾತ್ರಿ ಮ್ಯಾಚ್ ಇತ್ರಿ ಅಕ್ಕೋರ."

ಕೆಳಗೆ ವಾಸ್ಕೋದ ತುಂಬ ಬಾವುಟ.
ಬಾಲ್ಕನಿಯಿಂದ ಬಾಲ್ಕನಿಗೆ ಹಳದಿ-ಹಸಿರು,
ತೆಂಗಿನ ಸೊಂಟಕ್ಕೆ ಬಿಳಿ-ನೀಲಿ ಪಟ್ಟಿ,
ಮೀನು ಹೊತ್ತ ಟೆಂಪೋದ ನೆತ್ತಿಯಲ್ಲಿ ಪೋರ್ತುಗಲ್.
ನನಗೆ ಚೆಂಡೆಂದರೆ
ಕಿಟಕಿಯ ಗಾಜು ಒಡೆಯುವ ವಸ್ತು, ಅಷ್ಟೆ.

ಆದರೂ ಆ ದಿನ ಪಾಠ ಮಡಚಿಟ್ಟು ಕೇಳಿದೆ:
"ಯಾರ್ಯಾರು ಆಡಿದರು? ಬಂದು ಹಲಗೆಯ ಮೇಲೆ ಬರೀರಿ."
ವರ್ಷವಿಡೀ ಸೀಮೆಸುಣ್ಣ ಮುಟ್ಟದ ದಾವಲ್ ಎದ್ದು ಬಂದ.
ಬರೆದ: ಬರಜೀಲ.
ಹಿಂದಿನ ಸಾಲು ನಕ್ಕಿತು. ಅಂಗೈಯಿಂದ ಒರೆಸಿದ. ನಿಂತ.
ಪ್ರಾಣಿ, ಗ್ರಾಮ, ಚಕ್ರ ಎಂದು
ಮೂರು ತಿಂಗಳು ತಿದ್ದಿಸಿದರೂ ಬಾರದ ರ-ಒತ್ತು
ಬಕಾರದ ಕಾಲಡಿ ಸರಕ್ಕನೆ ಬಂದು
ಕೊಂಡಿಯಂತೆ ತಗುಲಿಕೊಂಡಿತು.

ಆಮೇಲೆ ಸ್ಪೇನ್, ಫ್ರಾನ್ಸ್, ಕ್ರೊಯೇಷಿಯಾ,
ನಾನೇ ತಡವರಿಸುವ ಊರುಗಳೆಲ್ಲ ಬಂದವು.
ಜಗಳ ಹತ್ತಿದ್ದು ಆರ್ಜೆಂಟೀನಾದಲ್ಲಿ.
"ರ ಮೊದಲ ಕೇಳಸ್ತೈತಿ,
ಆಮ್ಯಾಲ ಯಾಕ ಬರೀಬೇಕ್ರಿ?"
ನಾನು ನಿಯಮ ಹುಡುಕುವಷ್ಟರಲ್ಲಿ ಸಿದ್ಲಿಂಗ ಕೂಗಿದ:
"ಆಫ್‌ಸೈಡ್ ಆಗ್ಯಾನ್ರಿ ಅಂವ!
ಅವಸರ ಮಾಡಿ ಮುಂದ ಓಡಿದ್ದ,
ಸೀಟಿ ಊದಿ ಹಿಂದ ತಂದು ನಿಲ್ಲಿಸ್ಯಾರ."
ಹತ್ತೊಂಬತ್ತು ವರ್ಷದ ವ್ಯಾಕರಣ
ನನ್ನ ಬಾಯಲ್ಲೇ ಉಳಿಯಿತು.

ಹುಬ್ಬಳ್ಳಿ ಬಸ್ಸಿನಿಂದ ಇಳಿಯುವ ಪೇಪರಿಗೆ ಈಗ ಕಾಯುವವರಿದ್ದಾರೆ.
ಕ್ರೀಡಾಪುಟ ಐದು ತುಂಡು, ತುಂಡಿಗೆ ಆರು ತಲೆ.
ಭಜಿ ಸುತ್ತಿ ತಂದ ಹಳೆಯ ಹಾಳೆಯನ್ನೂ ಬಿಡಲಿಲ್ಲ:
ಎಣ್ಣೆ ಹೀರಿದಲ್ಲಿ ಗೋಲಿನ ಬೆನ್ನಿಗೆ
ಸಿಮೆಂಟಿನ ಜಾಹೀರಾತು ಕಾಣುತ್ತಿತ್ತು;
ಎರಡನ್ನೂ ಕೂಡಿಸಿ ಓದಿ ಬಿದ್ದು ಬಿದ್ದು ನಕ್ಕರು.

"ನೋಡಿದ ಮ್ಯಾಚು ಬರೆದು ತನ್ನಿ,
ಗೋಡೆಗೆ ಅಂಟಿಸೋಣ" ಅಂದೆ.
ಹುಲಿಗೆವ್ವನ ಮನೆಯಲ್ಲಿ ಟಿವಿ ಇಲ್ಲವೆಂದು
ನನಗೆ ಗೊತ್ತಿರಬೇಕಿತ್ತು.
ಎರಡು ಪುಟ ತಂದಳು.

"ಮೊದಲು ಎಲ್ಲಾ ಮನೆ ಸುಮ್ಮನಿದ್ದವು.
ಕಾಯ್ತಾನನ ಬಾರಿನಿಂದ ಓ ಅಂತ ಬಂತು, ಅರ್ಧಕ್ಕೆ ಮುರಿಯಿತು.
ಚೆಂಡು ಕಂಬಕ್ಕೆ ಬಡಿದಿರಬೇಕು.
ತಮ್ಮ ಎದ್ದ. ತಟ್ಟಿ ಮಲಗಿಸಿದೆ.
ಆಮೇಲೆ ದೊಡ್ಡ ಕೂಗು, ತಾಟು ಬಡಿದರು. ಒಂದು.
ಬಹಳ ಹೊತ್ತು ಏನೂ ಇಲ್ಲ.
ಅಪ್ಪ ಜೆಟ್ಟಿಯಿಂದ ಬಂದಾಗ
ದಾರಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲವಂತೆ.
ಸೋತವರು ನಮ್ಮ ಕಡೆಯವರೇ ಇರಬೇಕು."

ಓದಿ ಹೇಳಿದೆ. ಯಾರೂ ಆಕಳಿಸಲಿಲ್ಲ.
ಪೇಪರು ಬಂದ ಮೇಲೆ ಹುಡುಕಿ ನೋಡಿದೆ:
ಕಂಬದ ಸುದ್ದಿ ಇರಲಿಲ್ಲ.
ತಮ್ಮನ ಸುದ್ದಿಯೂ.

ಕಪ್ಪು ಯಾರೋ ಎತ್ತಿಕೊಂಡು ಹೋದರು.
ಬಾವುಟಗಳಲ್ಲಿ ಒಂದು ಸೋರುವ ಮಾಡಿಗೆ, ಒಂದು ತೊಟ್ಟಿಲಿಗೆ;
ಹಳದಿ-ಹಸಿರಿನ ಮೇಲೆ ಬೈನಾದಲ್ಲಿ ಸಿಗಡಿ ಒಣಗುತ್ತಿದೆ.
ದಾವಲ್ ಮತ್ತೆ ಆಕಳಿಸುತ್ತಾನೆ, ಸುಳ್ಳೇಕೆ ಹೇಳಲಿ.
ಹೆಡ್‌ಮಾಸ್ತರರು ಎರಡು ಸಲ ಹೇಳಿದರು:
"ಗೋಡೆ ಖಾಲಿ ಮಾಡ್ರಿ, ತಪಾಸಣೆ ಐತಿ."

ಕೀಳಲು ಹೋದರೆ, ಅನ್ನದ ಅಗುಳು ಹಚ್ಚಿ ಅಂಟಿಸಿದ
ಹೊಸ ಹಾಳೆಯೊಂದು, ಇನ್ನೂ ಹಸಿ:

"ಇಂದಿನ ಟ್ಯಾಂಕರ್. ಕೊಡ ನಲವತ್ತೆರಡು.
ಮೊದಲಾರ್ಧದಲ್ಲಿ ದ್ಯಾಮಕ್ಕ ಮುಂದೆ.
ಮೌಲಾಬಿ ಅಜ್ಜಿಗೆ ಫೌಲ್ ಆಯಿತು, ಯಾರೂ ಸೀಟಿ ಊದಲಿಲ್ಲ.
ಇಪ್ಪತ್ತನೇ ನಿಮಿಷಕ್ಕೆ ನೀರು ನಿಂತಿತು.
ಹೆಚುವರಿ ಸಮಯ ಕೊಡಲಿಲ್ಲ."

ಹೆಸರು ಹಾಕಿರಲಿಲ್ಲ. ಬೇಕಿರಲಿಲ್ಲ.
ಪೆನ್ಸಿಲ್ ತೆಗೆದು,
ಬೆಂಚಿನ ಮೇಲೆ ಕಾಯುತ್ತ ಕೂತಿದ್ದ ಚ-ಒತ್ತನ್ನು
ಮೆಲ್ಲಗೆ ಒಳಗೆ ಬಿಟ್ಟೆ.