ಹನ್ನೊಂದು ತೂತುಕಾಸು

ಚಕ್ರ ಕಳಚಿದ ಮೇಲೆ ಚೋಂದಮ್ಮ ಟೀಚರ ಜಾವಾ
ಮುಂಗಾಲು ಮಡಚಿದ ಕರುವಿನ ಹಾಗೆ
ಮರದ ಪೆಟ್ಟಿಗೆಗೆ ಎದೆ ಊರಿ ನಿಂತಿದೆ.
ಗೋಣಿಕೊಪ್ಪದಿಂದ ಪೊನ್ನಂಪೇಟೆಗೆ ಹೋಗುವ ದಾರಿ, ನನ್ನ ಶೆಡ್ಡು.
ಎದುರಿನ ಪಲ್ಪರಿನಿಂದ ಹುಳಿ ಬಂದ ಕಾಫಿಸಿಪ್ಪೆಯ ವಾಸನೆ,
ಸೀಮೆಎಣ್ಣೆ ಎಷ್ಟು ಸುರಿದರೂ ಮುಚ್ಚುವುದಿಲ್ಲ.

ಎಡಗಾಲಿನ ಅಡಿಬೋಲ್ಟು ಬಿಚ್ಚಿದೆ.
ಇಳಿದದ್ದು ಎಣ್ಣೆಯಲ್ಲ, ಕಾಡಿಗೆ.
ಸೀಲಿನ ರಬ್ಬರು ಉಗುರಿಗೇ ಪುಡಿಯಾಯಿತು.
ಪೈಪಿನ ಕ್ರೋಮಿನ ತುಂಬ ಸಿಡುಬಿನ ಕಲೆ.
ಕ್ಷೌರದಂಗಡಿ ಮುಚ್ಚಿದಾಗ ತಂದಿಟ್ಟ ಕನ್ನಡಿಯ ಮೇಲೆ
ಉರುಳಿಸಿ ನೋಡಿದೆ:
ಬಲಗಡೆಯದು ಸದ್ದಿಲ್ಲದೆ ಹೋಗಿ ಬಂತು,
ಎಡಗಡೆಯದು ಸುತ್ತಿಗೊಮ್ಮೆ ಎಡವುತ್ತದೆ,
ಅದರಡಿಯಲ್ಲಿ ಬೀಡಿ ಎಲೆಯಷ್ಟು ಬೆಳಕು.

ಮೈಸೂರಿಗೆ ಕಳಿಸಬೇಕು, ನೇರ ಮಾಡಿಸಿ
ಹಾರ್ಡ್ ಕ್ರೋಮು ಹೊಡೆಸಬೇಕು ಎಂದು ಲೆಕ್ಕ ಹಾಕುತ್ತ
ಸ್ಪ್ರಿಂಗು ಬಿಡಿಸಿ ತಟ್ಟೆಗೆ ಹಾಕಿದೆ.
ಅದರ ತಲೆಗೆ ಅಂಟಿಕೊಂಡು ಬಂದದ್ದು
ವಾಷರ್ ಅಂದುಕೊಂಡೆ.
ತೊಳೆದಾಗ ಕಿರೀಟ ಕಂಡಿತು.
ರಾಜನ ಕಾಲದ ತೂತುಕಾಸು. ಒಂದರ ಮೇಲೊಂದು, ಹನ್ನೊಂದು.
ಬಲಗಾಲಿನಲ್ಲಿ ಒಂದೂ ಇಲ್ಲ.

ಇದು ಪೋಕರ್ ಮೇಸ್ತ್ರಿಯ ಕೈ.
ಸೋತ ಸ್ಪ್ರಿಂಗಿಗೆ ಮೇಲಿಂದ ತೂಕ ಕೊಟ್ಟು
ಇನ್ನೂ ಒಂದು ವರ್ಷ ಓಡಿಸುವ ಕೈ.
(ಓಡಿದ್ದು ಐವತ್ತು.)
ಮೇಸ್ತ್ರಿ ಹೋಗಿ ಇಪ್ಪತ್ತೆರಡು ವರ್ಷ. ಕೇಳುವುದು ಯಾರನ್ನು?

ಟೀಚರು ಗಾಡಿಯ ಜೊತೆ ಒಂದು ಫೈಲೂ ಬಿಟ್ಟು ಹೋಗಿದ್ದರು,
ಪಿ.ಟಿ. ಟೀಚರಲ್ಲವೆ, ಎಲ್ಲ ಬಿಲ್ಲೂ ಸಾಲಾಗಿ.
ಎಪ್ಪತ್ತನಾಲ್ಕನೇ ಇಸವಿಯದು ಸಿಕ್ಕಿತು.
ಹೊಸ ಸ್ಪ್ರಿಂಗ್ ೧, ಹದಿನೆಂಟು ರೂಪಾಯಿ.
ಅಕ್ಷರ ನನ್ನದೇ.
ಮೇಸ್ತ್ರಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ,
ನಟ್ಟು ತೊಳೆಯುವ ಹತ್ತು ವರ್ಷದ ಹುಡುಗ ನಾನು,
ಹೇಳಿದ್ದನ್ನು ಬರೆದಿದ್ದೆ. 'ಸ್ಪಿಂಗ್' ಎಂದು.
ಬಿಟ್ಟುಹೋದ ರಕಾರದ ಒತ್ತನ್ನು
ಟೀಚರು ಅಲ್ಲೇ ನಿಂತು, ಸೀಟಿನ ಮೇಲೆ ಕಾಗದ ಇಟ್ಟು
ಕೆಂಪು ಶಾಯಿಯಲ್ಲಿ ತಿದ್ದಿದ್ದರು.
ಒತ್ತು ಇವತ್ತಿಗೂ ಕೆಂಪಗಿದೆ.

ಶನಿವಾರ ಬಂದರು. ಕೊರಳಲ್ಲಿ ಈಗಲೂ ಸೀಟಿ.
ತಟ್ಟೆಯನ್ನು ಮರೆಮಾಡೋಣವೆಂದು ಬಟ್ಟೆ ಎಳೆದೆ,
ಅವರ ಕಣ್ಣು ನನಗಿಂತ ಮುಂಚೆ ಅಲ್ಲಿತ್ತು.
"ಇನ್ನೂ ಅಲ್ಲೇ ಇದ್ದವಾ?"
ಒಂದನ್ನು ಎತ್ತಿ ತೂತಿನಿಂದ ರಸ್ತೆ ನೋಡಿದರು,
ಜೀಪೊಂದು ಅದರೊಳಗೆ ಹೋಯಿತು.

"ನನ್ನ ಅಜ್ಜಿಯ ಡಬ್ಬಿಯವು, ಅಲವಿ. ನಾನೇ ಕೊಟ್ಟದ್ದು.
ಗಾಡಿಗೆ ಅಂದರೆ ಅಣ್ಣ ಲೆಕ್ಕ ಕೇಳದೆ ಕೊಡುತ್ತಿದ್ದ,
ಹುಡುಗಿಯರ ಹಾಕಿ ಸ್ಟಿಕ್ಕಿಗೆ ಅಂದರೆ ನಗುತ್ತಿದ್ದ.
ಮೇಸ್ತ್ರಿ ಮೊದಲು ಒಪ್ಪಲಿಲ್ಲ. ಆಮೇಲೆ ನಿನ್ನ ಕೈಗೆ ಪೆನ್ನು ಕೊಟ್ಟ."

ನಾನು ಸುಮ್ಮನಿದ್ದೆ.
ಇಷ್ಟು ದಿನ ಸತ್ತವನ ಪರವಾಗಿ ನಾಚಿಕೊಂಡಿದ್ದೆನಲ್ಲ,
ಅದನ್ನು ಎಲ್ಲಿ ಇಡುವುದು ಗೊತ್ತಾಗಲಿಲ್ಲ.

ಪೈಪು ಮೈಸೂರಿನಿಂದ ಬಂತು, ಮುಖ ಕಾಣುವ ಹಾಗೆ.
ಬುಶ್ಶನ್ನು ಲೇತಿನಲ್ಲಿ ಕೂದಲೆಳೆ ತೆಗೆದು ಕೂರಿಸಿದೆ,
ಸೀಲಿನ ತುಟಿಗೆ ಎಣ್ಣೆ ಸವರಿ, ಬೆರಳಲ್ಲೇ ಒಳದೂಡಿದೆ.
ಹಸುವಿಗೆ ಚುಚ್ಚುವ ಸಿರಿಂಜಿನಲ್ಲಿ ಅಳೆದು
ಎರಡೂ ಕಾಲಿಗೆ ಸಮವಾಗಿ ಎಣ್ಣೆ.
ಕೊಯಮತ್ತೂರಿನ ಸ್ಪ್ರಿಂಗು, ಎರಡಕ್ಕೂ ಹೊಸದು.

ಟೀಚರು ಹ್ಯಾಂಡಲು ಹಿಡಿದು, ಬ್ರೇಕು ಅದುಮಿ
ಮೈಭಾರ ಬಿಟ್ಟು ಒತ್ತಿದರು.
ಇಳಿಯಿತು. ನಿಂತಿತು. ಅವಸರವಿಲ್ಲದೆ ಎದ್ದಿತು.
ಇನ್ನೊಮ್ಮೆ ಒತ್ತಿದರು, ಸುಮ್ಮನೆ, ಖುಷಿಗೆ.

"ಬಿಲ್ಲು?"
ಪುಸ್ತಕ ತೆರೆದೆ.
"ಸ್ಪ್ರಿಂಗ್ ಅಂತ ಆಗಲೇ ಬರೆದಾಗಿದೆಯಲ್ಲ," ಎಂದರು,
"ಈ ಸಲ ಅದನ್ನು ಬರಿ."

ಬರೆದೆ: ತೂತುಕಾಸು, ೧೧.
ಕನ್ನಡಕ ಮೂಗಿಗೆ ಏರಿಸಿ, ಪೆನ್ನಿನ ಟೋಪಿ ತೆಗೆದು
ಹುಡುಕಿದರು, ಹುಡುಕಿದರು.
ತಪ್ಪು ಮಾಡೋಣವೆಂದರೆ
ಅದರಲ್ಲಿ ಒಂದೂ ಒತ್ತಿಲ್ಲ.