ಬಿಟ್ಟ ಕಾರಣ

ಎಪ್ಪತ್ತು ತುಂಬಿತಂತೆ ನರಿಮಂದು ಹೈಸ್ಕೂಲಿಗೆ.
ಸಂಚಿಕೆಗೆ ಒಂದೇ ಪುಟ ಇತಿಹಾಸ ಬರೆದುಕೊಡಿ, ಎಂದರು ಮೇಡಂ,
ಗುಮಾಸ್ತೆ ನೀವು, ದಾಖಲೆಯೆಲ್ಲ ನಿಮ್ಮ ಬೀರುವಿನಲ್ಲೇ ಇದೆಯಲ್ಲ.

ಬೀರುವಿನಲ್ಲಿರುವುದು
ಗೆದ್ದಲು ತಿಂದು ಉಳಿಸಿದ ಏಳು ಸೇರ್ಪಡೆ ಪುಸ್ತಕ.
ಹೆಸರು, ತಂದೆ, ಹುಟ್ಟಿದ ದಿನ
(ಅರ್ಧ ಊರು ಹುಟ್ಟಿದ್ದು ಜೂನ್ ಒಂದಕ್ಕೆ),
ಕೊನೆಯ ಕಲಂ: ಶಾಲೆ ಬಿಟ್ಟ ಕಾರಣ.

ಮೊದಲು ನೆಲದ ಮಾತು.
ಕೊಡಗು ತನ್ನಷ್ಟಕ್ಕೆ ಒಂದು ರಾಜ್ಯವಾಗಿದ್ದಾಗ
ತೊರೆಮಾಡ ಐಯಣ್ಣ ಕೊಟ್ಟದ್ದು ಮೂರು ಏಕರೆ.
ಜಮ್ಮಾ ಬಾಣೆ, ಕೊಡಲು ಬರುವಂಥದ್ದಲ್ಲ;
ಹಾಗಾಗಿ ಬಾಯಲ್ಲೇ ಕೊಟ್ಟರು,
ಗುರುಕಾರೋಣರನ್ನು ನೆನೆದು, ಮಣ್ಣು ಮುಟ್ಟಿ.
ಪಹಣಿಯಲ್ಲಿ ಇವತ್ತಿಗೂ ಇಲ್ಲಿ ಶಾಲೆಯಿಲ್ಲ.
ಕಾಡುಮರ ಹದಿನಾಲ್ಕು, ಹಾಳುಬಾವಿ ಒಂದು.

ಮೊದಲ ಹೆಡ್ಮಾಸ್ಟರು ವಾಮನ ಶಗ್ರಿತ್ತಾಯರು ಘಟ್ಟ ಹತ್ತಿ ಬಂದಾಗ
ಕೈಯಲ್ಲಿ ಟ್ರಂಕು, ಬಸ್ಸಿನ ಟಾಪಿನ ಮೇಲೆ
ಮಂಗಳೂರು ಗುಜರಿಯ ಎರಡು ಮೊಳ ರೈಲು ಕಂಬಿ.
ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ ಹರಿದನಂತೆ.
ಹಲಸಿನ ಕೊಂಬೆಗೆ ತೂಗುಹಾಕಿ ಬಡಿದರು.
ರೈಲೇ ಇಲ್ಲದ ಸೀಮೆಯಲ್ಲಿ
ಗದ್ದೆಯಂಚಿನ ಮೇಲೆ ಓಡೋಡಿ ಬಂದರು
ಇಪ್ಪತ್ತಮೂರು ಮಕ್ಕಳು.

ಎರಡನೆಯ ಕೋಣೆ ಕಿತ್ತಳೆಯದು.
ಲಾರಿಗೆ ಎರಡು ರೂಪಾಯಿಯಂತೆ ಎತ್ತಿಟ್ಟರು ಮೊಯಿದು ಸಾಹುಕಾರರು.
ಮೂರನೆಯದಕ್ಕೆ ಗೋಡೆ ಎದ್ದಿತ್ತಷ್ಟೆ, ಕಿತ್ತಳೆಗೆ ರೋಗ ಬಂತು.
ಹನ್ನೊಂದು ವರ್ಷ ಮಾಡಿಲ್ಲದೆ ನಿಂತ ಆ ಕೋಣೆಯಲ್ಲಿ
ಭೂಗೋಳ ಕಲಿಸಿದರು,
ಹೇಗೂ ಆಕಾಶ ಬೇಕಾಗುತ್ತದೆಂದು.

ಇನ್ನು ಕಾರಣಗಳು.
ಕಾಫಿ ಕುಯ್ಲು. ಮದುವೆ. ಕಾಫಿ ಕುಯ್ಲು.
ಹೊಳೆ ದಾಟಲಾಗದೆ. ಗೊತ್ತಿಲ್ಲ.
ಹೊಡೆದದ್ದಕ್ಕೆ (ಯಾರು ಯಾರಿಗೆಂದು ಬರೆದಿಲ್ಲ).
ನೂರ ಇಪ್ಪತ್ತನಾಲ್ಕನೆಯ ಮಂದಣ್ಣ: ಸೈನ್ಯ.
ಅದರ ಕೆಳಗೆ ಬೇರೆ ಶಾಯಿ, ನಡುಗಿದ ಅಕ್ಷರ:
ಅರವತ್ತೈದರಲ್ಲಿ. ಅಷ್ಟೇ.
ಇಂಥದ್ದಕ್ಕೆ ಕಲಂ ಇಲ್ಲವೆಂದು
ತನಿಖೆಗೆ ಬಂದವರು ಪಕ್ಕದಲ್ಲಿ ಕೆಂಪು ಗೆರೆ ಎಳೆದಿದ್ದಾರೆ.

ಎರವರ ಬೊಳ್ಳಿಗೆ ಒಂದಲ್ಲ, ನಾಲ್ಕು ಸೇರ್ಪಡೆ ಸಂಖ್ಯೆ.
ಜೂನ್‌ನಲ್ಲಿ ಸೇರುವಳು, ಹಣ್ಣು ಕೆಂಪಾದರೆ ಹೋಗುವಳು.
ನಾಲ್ಕನೆಯ ಸಲ ಮಾತ್ರ ಹೋಗಲಿಲ್ಲ.
ಯಾಕೆಂದು ಕೇಳಿದೆ ಮೊನ್ನೆ.
ಆ ವರ್ಷ ಹಣ್ಣು ಕಮ್ಮಿ ಇತ್ತು ಸಾರ್, ಎಂದಳು.
ಹಾಗೆ ಪಾಸಾದವಳು. ಬೆಲ್ಲು ಹೊಡೆಯುವ ಕೆಲಸ
ಇಪ್ಪತ್ತೆಂಟು ವರ್ಷದಿಂದ ಅವಳದೇ.

ಆನೆ ಎರಡು ಸಲ ಅಡುಗೆಮನೆ ಒಡೆದಿದೆ, ಉಪ್ಪಿಗೆ.
ಹದಿನೆಂಟರ ಆಗಸ್ಟ್‌ನಲ್ಲಿ ಗುಡ್ಡ ಜಾರಿತು,
ನಲವತ್ತೊಂದು ಮನೆಯವರು ಇಲ್ಲೇ ಮಲಗಿದರು
ಬೋರ್ಡಿನ ಮೇಲಿನ ತ್ರಿಕೋನ ಅಳಿಸದೆ, ಅದರ ಬುಡದಲ್ಲಿ.
ಮೂರು ವಾರ. ಕೋಣೆಗಳು ಪೂರ್ತಿ ತುಂಬಿದ್ದು
ಆಗ ಮಾತ್ರ.

ಈಗ ಹತ್ತೊಂಬತ್ತು ಮಕ್ಕಳು.
ಐಯಣ್ಣನ ಮರಿಮಕ್ಕಳಿಗೆ ಹಳದಿ ವ್ಯಾನು ಬರುತ್ತದೆ, ಪೇಟೆಯಿಂದ.
ನಮ್ಮಲ್ಲಿರುವವರು ಲೈನುಮನೆಯವರು, ಹೆಚ್ಚಿನವರು ಅಸ್ಸಾಮಿನವರು.
ಬಿಮಲಾ ತಾಂತಿ, ಎಂಟನೆಯ ತರಗತಿ.
ಮಾತೃಭಾಷೆ ಎಂದು ಕೇಳಿದರೆ ಸಾದ್ರಿ ಎಂದಳು,
ಹೇಗೆ ಬರೆಯುವುದೆಂದು ಅವಳಿಗೂ ತಿಳಿಯದು, ನನಗೂ.

ಸೇರಿದ ದಿನ ಹಲಸಿನ ಬುಡದಲ್ಲಿ ನಿಂತು
ಕಂಬಿಯನ್ನು ಮೇಲಿಂದ ಕೆಳಗೆ ಸವರಿದಳು,
ಕೊಯ್ದ ತುದಿಯನ್ನು ಬಗ್ಗಿ ನೋಡಿದಳು.
ರೈಲು, ಎಂದಳು. ನಾಲ್ಕು ಬೆರಳು ಎತ್ತಿ ತೋರಿಸಿದಳು:
ನಾಲ್ಕು ದಿನ, ಇದರ ಮೇಲೆ.
ಏಳು ಪುಸ್ತಕದ ಮಕ್ಕಳಿಗೂ ಅದು ಬರೀ ಬೆಲ್ಲು.
ಆಮೇಲೆ ಕೆನ್ನೆಯನ್ನು ಕಬ್ಬಿಣಕ್ಕೆ ಒತ್ತಿ ಕಣ್ಣು ಮುಚ್ಚಿಕೊಂಡಳು.

ಬೊಳ್ಳಿ ಸುತ್ತಿಗೆ ಎತ್ತಿದ್ದವಳು ಹಾಗೇ ನಿಂತಳು.
ಮೂರನೆಯ ಪೀರಿಯಡ್ ಅವತ್ತು
ಎರಡು ನಿಮಿಷ ತಡವಾಗಿ ಶುರುವಾಯಿತು.
ಇದನ್ನೂ ಬರೆದಿದ್ದೇನೆ.
ಮೇಡಂ ಹೊಡೆದುಹಾಕಬಹುದು, ಪುಟ ಒಂದೇ ಇರುವುದು.